ಆ ಮನೆಗೆ ಹೋಗಿಬಂದವರು

ಲಾಂಗ್ ಐಲೆಂಡಿನ ಜೆರಿಕೋದಿಂದ ಮಾತಾಡುತ್ತಿದ್ದೇನೆ. ಇವತ್ತಿನ ಮಾತು ಮುಖ್ಯವಾಗಿ ಇಲ್ಲೇ ಹುಟ್ಟಿ ಬೆಳೆದ ನಿಮ್ಮಂಥ ಹುಡುಗ ಹುಡುಗಿಯರಿಗೆ. ದೊಡ್ಡವರು ಕೇಳಿದರೂ ಬೇಡ ಅನ್ನುವುದಿಲ್ಲ.

ಹೋದ ಬೇಸಿಗೆಯಲ್ಲಿ ನನ್ನ ತಂಗಿಯ ಮಗಳ ಜೊತೆ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ಗೆ ಹೋಗಿದ್ದೆ. ಆಮಿಶ್ ಜನರ ಊರುಗಳನ್ನು ನೋಡಬೇಕು ಅಂತ ಅವಳ ಆಸೆ. ಕಾರಿನಲ್ಲಿ ಕೂತ ಕೂಡಲೇ ಒಂದು ಪಾಡ್‌ಕಾಸ್ಟ್ ಹಾಕಿದಳು. ಆಮಿಶ್ ಸಮುದಾಯದ ಒಳಗೆ ನಡೆದ ಅಪರಾಧಗಳ ಕಥೆ. ದಾರಿಯುದ್ದಕ್ಕೂ ಅದನ್ನೇ ಕೇಳಿದೆವು. ಕೊನೆಗೆ ಅವಳು, "ದೊಡ್ಡಮ್ಮ, ದೇವರು ದೇವರು ಅಂತಾರೆ, ಒಳಗೆ ಇಂಥದ್ದೆಲ್ಲ ನಡೀತಿದ್ರೂ ಒಬ್ಬರೂ ಬಾಯಿ ಬಿಡಲ್ಲ. ಎಂಥ ಜನ ಇವರು?" ಅಂದಳು.

ಆಗ ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದಕ್ಕೆ ಕಾರಣವಿತ್ತು. ಆ ಕಾರಣವನ್ನು ಇವತ್ತು ಹೇಳುತ್ತೇನೆ.

ಮೊದಲು ಆಮಿಶ್ ಜನರ ವಿಷಯ. ಸ್ವಿಟ್ಜರ್‌ಲೆಂಡ್, ಜರ್ಮನಿ ಕಡೆಯಿಂದ ಹದಿನೆಂಟನೆಯ ಶತಮಾನದಲ್ಲಿ ಈ ದೇಶಕ್ಕೆ ಬರತೊಡಗಿದವರು. ಈಗ ಸುಮಾರು ನಾಲ್ಕು ಲಕ್ಷ ಜನ ಇದ್ದಾರೆ. ಮನೆಯಲ್ಲಿ ಇವತ್ತಿಗೂ ತಮ್ಮ ಹಳೆಯ ಜರ್ಮನ್ ನುಡಿಯನ್ನೇ ಆಡುತ್ತಾರೆ. ಇನ್ನೂರೈವತ್ತು ವರ್ಷಗಳ ಮೇಲೂ! ನಾವು ಎರಡನೆಯ ತಲೆಮಾರಿಗೇ ಒದ್ದಾಡುತ್ತಿದ್ದೇವೆ. ಎಂಟನೆಯ ತರಗತಿ ಮುಗಿದ ಮೇಲೆ ಮಕ್ಕಳನ್ನು ಶಾಲೆಯಿಂದ ಬಿಡಿಸುವ ಅವರ ಪದ್ಧತಿಯನ್ನು ಸುಪ್ರೀಂ ಕೋರ್ಟೇ 1972ರಲ್ಲಿ ಒಪ್ಪಿತು. ಉಡುಪು, ಗಾಡಿ ಎಲ್ಲಕ್ಕೂ ಕಟ್ಟುಪಾಡು ಇದೆ. ಅದಕ್ಕೆ ಓರ್ಡ್‌ನುಂಗ್ ಅನ್ನುತ್ತಾರೆ.

ತಪ್ಪು ಮಾಡಿದವನಿಗೂ ಒಂದು ಪದ್ಧತಿ ಇದೆ. ಸಭೆಯ ಮುಂದೆ ಮಂಡಿಯೂರಿ ಒಪ್ಪಿಕೊಳ್ಳಬೇಕು. ದೊಡ್ಡ ತಪ್ಪಾದರೆ ಕೆಲವು ವಾರ, ಸಾಮಾನ್ಯವಾಗಿ ಆರು ವಾರ, ಬಹಿಷ್ಕಾರ. ಆಮೇಲೆ ಕ್ಷಮೆ. ಒಮ್ಮೆ ಕ್ಷಮಿಸಿದ ಮೇಲೆ ಆ ಮಾತನ್ನು ಯಾರೂ ಮತ್ತೆ ಎತ್ತಬಾರದು.

ಈ ಪದ್ಧತಿಗೆ ಎರಡು ಮುಖ ಇದೆ. 2006ರ ಅಕ್ಟೋಬರ್ 2ರಂದು ಪೆನ್ಸಿಲ್ವೇನಿಯಾದ ನಿಕಲ್ ಮೈನ್ಸ್ ಎಂಬಲ್ಲಿ ಹೊರಗಿನವನೊಬ್ಬ ಆಮಿಶ್ ಶಾಲೆಗೆ ನುಗ್ಗಿ ಐದು ಹೆಣ್ಣುಮಕ್ಕಳನ್ನು ಗುಂಡಿಟ್ಟು ಕೊಂದ. ಮಕ್ಕಳನ್ನು ಕಳಕೊಂಡ ಜನ, ಆ ಕೊಲೆಗಾರನ ಹೆಂಡತಿಯನ್ನೂ ಅವನ ಮನೆಯವರನ್ನೂ ಕಂಡು, ಕ್ಷಮಿಸಿದ್ದೇವೆ ಅಂದರು. ಜಗತ್ತೇ ಬೆರಗಾಯಿತು. ಇನ್ನೊಂದು ಮುಖ ವಿಸ್ಕಾನ್ಸಿನ್‌ನದ್ದು. ಆಮಿಶ್ ಬದುಕು ಬಿಟ್ಟು ಹೊರಬಂದ ಒಬ್ಬ ಯುವತಿ, ತನ್ನ ಅಣ್ಣಂದಿರೇ ವರ್ಷಗಟ್ಟಲೆ ತನ್ನ ಮೇಲೆ ಅತ್ಯಾಚಾರ ಮಾಡಿದರೆಂದು ಪೊಲೀಸರಿಗೆ ಹೇಳಿದಳು. ತನ್ನ ಚಿಕ್ಕ ತಂಗಿಗೂ ಅದೇ ಗತಿ ಬರಬಾರದು ಅನ್ನುವುದೇ ಅವಳ ಚಿಂತೆ. 2004ರಲ್ಲಿ ಅಣ್ಣಂದಿರಿಗೆ ಶಿಕ್ಷೆಯಾಯಿತು. ಅದಕ್ಕೆ ಮೊದಲು ಅವಳಿಗೆ ತನ್ನವರಿಂದ ಸಿಕ್ಕಿದ್ದ ಸಲಹೆ ಒಂದೇ: ಕ್ಷಮಿಸಿಬಿಡು.

ಹೊರಗಿನವನನ್ನು ಮನಸಾರೆ ಕ್ಷಮಿಸಿದವರೂ ಅವರೇ, ಒಳಗಿನ ಹುಡುಗಿಯ ಬಾಯಿ ಕಟ್ಟಿದವರೂ ಅವರೇ. ಹಾಗಂತ ಆಮಿಶ್ ಮನೆಗಳಲ್ಲೆಲ್ಲ ಅಪರಾಧ ನಡೆಯುತ್ತದೆ ಅಂತಲ್ಲ. ಬಹುಪಾಲು ಜನ ಹೊಲ ಉತ್ತು, ಹಸು ಕರೆದು, ತಮ್ಮ ಪಾಡಿಗೆ ತಾವು ಇರುವವರು. ನಡೆದಾಗ ಅದು ಹೊರಗೆ ಬರುವುದು ಕಷ್ಟ, ಅಷ್ಟೆ. ಯಾಕೆಂದರೆ ಒಳಗಿನವರಿಗೆ ತಮ್ಮ ಸಮುದಾಯದ ಮಾನ ದೊಡ್ಡದು.

"ಎಂಥ ಜನ ಇವರು" ಅಂತ ನನ್ನ ತಂಗಿಯ ಮಗಳು ಕೇಳಿದಳಲ್ಲ, ಆ ಪ್ರಶ್ನೆಗೆ ಲ್ಯಾಂಕಾಸ್ಟರ್‌ವರೆಗೆ ಹೋಗಬೇಕಿರಲಿಲ್ಲ. ನಮ್ಮ ಮನೆಯಿಂದ 106ನೇ ರಸ್ತೆ ಹಿಡಿದು ಉತ್ತರಕ್ಕೆ ಹತ್ತು ನಿಮಿಷ ಹೋದರೆ ಸಾಕು.

ಜೆರಿಕೋದ ಪಕ್ಕದಲ್ಲೇ ಮಟನ್‌ಟೌನ್ ಎಂಬ ಹಳ್ಳಿ ಇದೆ. ಹಳ್ಳಿ ಅಂತ ಹೆಸರಿಗೆ ಮಾತ್ರ. ದೊಡ್ಡ ದೊಡ್ಡ ಬಂಗಲೆಗಳು, ಉದ್ದನೆಯ ಡ್ರೈವ್‌ವೇಗಳು, ಒಂದು ಮನೆಯಿಂದ ಇನ್ನೊಂದು ಮನೆ ಕಾಣದಷ್ಟು ಮರಗಳು. ಅಲ್ಲಿ ಭಾರತೀಯ ಮೂಲದ ಒಂದು ಕುಟುಂಬವಿತ್ತು. ಗಂಡ ಭಾರತದಿಂದ ಬಂದವನು, ಹೆಂಡತಿ ಇಂಡೋನೇಷ್ಯಾದಲ್ಲಿ ಬೆಳೆದವಳು. ಸುಗಂಧ ದ್ರವ್ಯದ ವ್ಯಾಪಾರ, ಚೆನ್ನಾಗಿ ನಡೆಯುತ್ತಿತ್ತು. ಮನೆಯಲ್ಲಿ ಮಕ್ಕಳಿದ್ದರು.

2007ರ ಮೇ 13, ಭಾನುವಾರ, ತಾಯಂದಿರ ದಿನ. ಬೆಳಿಗ್ಗೆ ಪಕ್ಕದ ಸಯೋಸೆಟ್‌ನ ಒಂದು ಡೋನಟ್ ಅಂಗಡಿಯ ಹತ್ತಿರ ಒಬ್ಬ ಹೆಂಗಸು ಅಲೆಯುತ್ತಿದ್ದಳು. ವಯಸ್ಸು ಐವತ್ತರ ಆಸುಪಾಸು. ಮೈಮೇಲೆ ಸರಿಯಾದ ಬಟ್ಟೆ ಇರಲಿಲ್ಲ, ಮೈತುಂಬ ಗಾಯ. ಇಂಗ್ಲಿಷ್ ಬರದು. ಕೈಸನ್ನೆಯಲ್ಲಿ, ತನ್ನ ಕೆನ್ನೆಗೆ ತಾನೇ ಹೊಡೆದು ತೋರಿಸಿದಳು. ಅಂಗಡಿಯ ಕೆಲಸಗಾರರು ಪೊಲೀಸರಿಗೆ ಫೋನ್ ಮಾಡಿದರು. ಆ ಫೋನಿನಿಂದ ಮಟನ್‌ಟೌನಿನ ಆ ಮನೆಯ ಬಾಗಿಲು ತೆರೆಯಿತು. ಒಳಗೆ ಇನ್ನೊಬ್ಬ ಹೆಂಗಸು ಸಿಕ್ಕಳು. ಇಬ್ಬರೂ ಇಂಡೋನೇಷ್ಯಾದಿಂದ ಮನೆಗೆಲಸಕ್ಕೆ ಕರೆತಂದವರು. ಮೊದಲನೆಯವಳು 2002ರಲ್ಲಿ, ಎರಡನೆಯವಳು 2005ರಲ್ಲಿ ಬಂದಿದ್ದಳು. ಅಂದರೆ ಮೊದಲನೆಯವಳು ಐದು ವರ್ಷ ಆ ಮನೆಯೊಳಗಿದ್ದಳು.

ಕೋರ್ಟಿನ ದಾಖಲೆಯಲ್ಲಿ ಇದು ಸಭ್ನಾನಿ ಪ್ರಕರಣ. ವಿಚಾರಣೆ ಇಲ್ಲೇ ಸೆಂಟ್ರಲ್ ಐಸ್ಲಿಪ್‌ನ ಫೆಡರಲ್ ಕೋರ್ಟಿನಲ್ಲಿ ನಡೆಯಿತು. ಸಾಕ್ಷ್ಯದಲ್ಲಿ ಬಂದ ಸಂಗತಿಗಳನ್ನು ಹೇಳುತ್ತೇನೆ, ಕೇಳಲು ಕಷ್ಟವಾಗಬಹುದು. ಬಂದ ಕೂಡಲೇ ಅವರ ಪಾಸ್‌ಪೋರ್ಟ್ ತೆಗೆದುಕೊಂಡರು. ಬೆಳಗಿನ ಜಾವದಿಂದ ರಾತ್ರಿ ತಡವಾಗುವವರೆಗೆ ಕೆಲಸ. ಮಲಗಲು ನೆಲದ ಮೇಲೆ ಒಂದು ಚಾಪೆ. ಹೊಟ್ಟೆಗೆ ಸಾಲದೆ ಕಸದ ಡಬ್ಬಿಯಲ್ಲಿ ಹುಡುಕಿ ತಿಂದದ್ದೂ ಉಂಟು. ತಪ್ಪಾದರೆ ಪೊರಕೆ, ಛತ್ರಿಯಿಂದ ಏಟು, ಕುದಿಯುವ ನೀರು. ಶಿಕ್ಷೆ ಅಂತ ಹಸಿಮೆಣಸಿನಕಾಯಿಗಳನ್ನು ಒಂದರ ಮೇಲೊಂದು ತಿನ್ನಿಸುವುದು. ಕೈಗೆ ಒಂದು ಕಾಸೂ ಇಲ್ಲ. ಮೊದಲನೆಯವಳ ಮಗಳಿಗೆ ಊರಿನಲ್ಲಿ ತಿಂಗಳಿಗೆ ನೂರು ಡಾಲರ್ ಸಲ್ಲುತ್ತಿತ್ತು. 2007ರಲ್ಲಿ ನ್ಯೂಯಾರ್ಕಿನ ಕನಿಷ್ಠ ಕೂಲಿ ಗಂಟೆಗೆ 7 ಡಾಲರ್ 15 ಸೆಂಟ್. ನೀವೇ ಲೆಕ್ಕ ಹಾಕಿ: ನೂರು ಡಾಲರ್ ಎಂದರೆ ಎರಡು ದಿನದ ಕೂಲಿಯೂ ಆಗುವುದಿಲ್ಲ.

ಗಾಯಗಳನ್ನು ಅವರೇ ಮಾಡಿಕೊಂಡದ್ದು ಎಂದು ಕುಟುಂಬದ ಪರ ವಕೀಲರು ವಾದಿಸಿದರು. ಜ್ಯೂರಿ ನಂಬಲಿಲ್ಲ. 2007ರ ಡಿಸೆಂಬರ್ 17ರಂದು ಬಲವಂತದ ದುಡಿಮೆ, ಜೀತ ಮೊದಲಾದ ಹನ್ನೆರಡು ಆರೋಪಗಳಲ್ಲಿ ಗಂಡ ಹೆಂಡತಿ ಇಬ್ಬರೂ ಅಪರಾಧಿಗಳೆಂದು ತೀರ್ಪಾಯಿತು. 2008ರ ಜೂನ್‌ನಲ್ಲಿ ಹೆಂಡತಿಗೆ 11 ವರ್ಷ, ಗಂಡನಿಗೆ 3 ವರ್ಷ 4 ತಿಂಗಳು ಸೆರೆವಾಸದ ಶಿಕ್ಷೆ. 2010ರಲ್ಲಿ ಮೇಲಿನ ಕೋರ್ಟು ಪರಿಹಾರದ ಹಣದ ಲೆಕ್ಕವನ್ನು ಮತ್ತೆ ನೋಡಿ ಅಂದಿತು, ಅಪರಾಧದ ತೀರ್ಪನ್ನು ಮಾತ್ರ ಎತ್ತಿಹಿಡಿಯಿತು. ಗಂಡನ ವಿಷಯ ಗಮನಿಸಿ. ಹಿಂಸೆಯ ಬಹುಪಾಲು ಹೆಂಡತಿಯ ಕೈಯಿಂದ ನಡೆದದ್ದು. ಆದರೆ ಅವನಿಗೆ ಗೊತ್ತಿತ್ತು, ಆ ದುಡಿಮೆಯ ಫಲ ಅವನೂ ಉಂಡಿದ್ದ. ಕಾನೂನಿಗೆ ಅಷ್ಟು ಸಾಕಾಯಿತು.

ಈ ಕಥೆ ಕೇಳಿದವರೆಲ್ಲ ಮೊದಲು ಕೇಳುವ ಪ್ರಶ್ನೆ: ಓಡಿಹೋಗಬಹುದಿತ್ತಲ್ಲ? ಬಾಗಿಲಿಗೆ ಸರಪಳಿ ಇತ್ತೆ? ಇದೇ ಪ್ರಶ್ನೆ ಒಮ್ಮೆ ಸುಪ್ರೀಂ ಕೋರ್ಟಿನ ಮುಂದೆಯೂ ಬಂದಿತ್ತು. ಮಿಶಿಗನ್ನಿನ ಒಂದು ಡೈರಿ ಫಾರ್ಮಿನಲ್ಲಿ ಬುದ್ಧಿಮಾಂದ್ಯರಾದ ಇಬ್ಬರು ಗಂಡಸರನ್ನು ವರ್ಷಗಟ್ಟಲೆ ಕೂಲಿಯಿಲ್ಲದೆ ದುಡಿಸಿಕೊಂಡಿದ್ದರು. ಹೊಡೆತದ ಬೆದರಿಕೆಯೋ ಕಾನೂನಿನ ಬೆದರಿಕೆಯೋ ಇದ್ದರೆ ಮಾತ್ರ ಅದು ಗುಲಾಮಗಿರಿ, ಮನಸ್ಸನ್ನು ಹೆದರಿಸಿಟ್ಟರೆ ಅಲ್ಲ ಎಂದು 1988ರಲ್ಲಿ ಕೋರ್ಟು ಹೇಳಿತು. ಅದು ಸಾಲದು ಅಂತ ಸಂಸತ್ತು 2000ದಲ್ಲಿ ಮಾನವ ಸಾಗಣೆಯ ವಿರುದ್ಧ ಹೊಸ ಕಾನೂನು ತಂದಿತು. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು, ಪೊಲೀಸರಿಗೆ ಹಿಡಿದುಕೊಡುತ್ತೇನೆ ಅನ್ನುವುದು, ಊರಿನಲ್ಲಿರುವ ನಿನ್ನವರಿಗೆ ಕೇಡು ಮಾಡುತ್ತೇನೆ ಅನ್ನುವುದು, ಇವನ್ನೆಲ್ಲ ಆ ಕಾನೂನು ಸರಪಳಿಯೆಂದೇ ಎಣಿಸಿತು. ಭಾಷೆ ಬರದ, ದಾರಿ ಗೊತ್ತಿಲ್ಲದ, ಕೈಯಲ್ಲಿ ಕಾಸಿಲ್ಲದ ಹೆಂಗಸಿಗೆ ತೆರೆದ ಬಾಗಿಲೂ ಗೋಡೆಯೇ.

ನನ್ನ ನಿದ್ದೆ ಕೆಡಿಸಿದ ಸಂಗತಿ ಬೇರೆ. ಮನೆಗೆ ನೆಂಟರಿಷ್ಟರು ಬಂದಾಗ ಆ ಹೆಂಗಸರನ್ನು ನೆಲಮಾಳಿಗೆಯಲ್ಲಿ ಅಡಗಿಸುತ್ತಿದ್ದರಂತೆ. ಅಂದರೆ ಆ ಮನೆಗೆ ಜನ ಬರುತ್ತಿದ್ದರು. ನಮ್ಮಂಥವರೇ. ಜಾಮೂನು ತಿಂದು, ಮಕ್ಕಳ ಕಾಲೇಜಿನ ಮಾತಾಡಿ, ಇಷ್ಟು ದೊಡ್ಡ ಮನೆಯನ್ನು ಎಷ್ಟು ಚೊಕ್ಕಟವಾಗಿ ಇಟ್ಟಿದ್ದೀರಪ್ಪಾ ಅಂತ ಹೊಗಳಿ ಬಂದವರು. ಚೊಕ್ಕಟ ಮಾಡಿದವರು ಯಾರು ಅಂತ ಕೇಳಿದವರು ಇದ್ದರೋ ಇಲ್ಲವೋ, ಐದು ವರ್ಷ ಬಾಗಿಲಂತೂ ತೆರೆಯಲಿಲ್ಲ. ಕೊನೆಗೆ ಪೊಲೀಸರನ್ನು ಕರೆದದ್ದು, ಅವಳ ಭಾಷೆಯೂ ಅರಿಯದ ಅಂಗಡಿಯ ಕೆಲಸಗಾರರು.

ಅವರು ಕನ್ನಡದವರಲ್ಲವಲ್ಲ ಅಂತ ನೀವು ಅನ್ನಬಹುದು. ನಿಜ. ಆದರೆ ಆ ಅಪರಾಧಕ್ಕೆ ನಮ್ಮ ಭಾಷೆಯಲ್ಲಿ ಹಳೆಯ ಹೆಸರೇ ಇದೆ: ಜೀತ. ಸಾಲಕ್ಕೆ ಆಳಾಗಿ ದುಡಿಯುವುದು. ಶಿವರಾಮ ಕಾರಂತರು 'ಚೋಮನ ದುಡಿ' ಬರೆದದ್ದು 1933ರಲ್ಲಿ. ಧಣಿಯ ಸಾಲ ತೀರಿಸಲಾಗದೆ ಒದ್ದಾಡುವ ಚೋಮನ ಕಥೆ ಅದು. ಬಿ.ವಿ. ಕಾರಂತರು ಅದನ್ನು 1975ರಲ್ಲಿ ಸಿನಿಮಾ ಮಾಡಿದರು. ಮರುವರ್ಷ, 1976ರಲ್ಲಿ, ಭಾರತದಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಬಂತು. ಅಂದರೆ ನಿಮ್ಮ ಅಜ್ಜ ಅಜ್ಜಿಯರು ಜೀತವನ್ನು ಕಣ್ಣಾರೆ ಕಂಡವರು. ಯಾವ ಕಡೆಯಿಂದ ಕಂಡರು ಅನ್ನುವುದನ್ನು ಅವರವರ ಮನೆಯಲ್ಲೇ ಕೇಳಬೇಕು.

ಈಗ ನನ್ನ ವಿಷಯ. ಲ್ಯಾಂಕಾಸ್ಟರ್‌ ದಾರಿಯಲ್ಲಿ ಸುಮ್ಮನಾಗಿದ್ದೆನಲ್ಲ, ಅದರ ಕಾರಣ.

1998ನೇ ಇಸವಿ ಇರಬೇಕು. ನ್ಯೂಜೆರ್ಸಿಯಲ್ಲಿ ಒಂದು ಮನೆ. ನಮ್ಮವರದೇ. ಸತ್ಯನಾರಾಯಣ ಪೂಜೆ, ನಲವತ್ತು ಜನರಿಗೆ ಊಟ. ಅಡುಗೆಮನೆಯಲ್ಲಿ ಒಬ್ಬ ಹೆಂಗಸು ಪೂರಿ ಕರಿಯುತ್ತಿದ್ದಳು. ಮೂವತ್ತು ವರ್ಷ ಇರಬಹುದು. "ದೂರದ ಸಂಬಂಧ, ಮಗು ನೋಡಿಕೊಳ್ಳೋಕೆ ಬಂದಿದ್ದಾಳೆ" ಅಂದರು ಮನೆಯಾಕೆ. ಎಲ್ಲರ ಊಟ ಆಯಿತು, ಅವಳು ಕೂರಲಿಲ್ಲ. ದೂರದ ಸಂಬಂಧವಾದರೆ ಯಾರಾದರೂ ಕೂರು ಅನ್ನುತ್ತಿದ್ದರು, ಅಲ್ಲವೆ? ನಾನು ತಟ್ಟೆ ಇಡಲು ಒಳಗೆ ಹೋದೆ. ಅವಳು ಸೊಂಟದಿಂದ ಮಡಿಸಿದ ಒಂದು ಕಾಗದ ತೆಗೆದು, ಮೆಲ್ಲಗೆ ಕೇಳಿದಳು: "ಅಕ್ಕಾ, ಇಲ್ಲಿ ಕಾಗದ ಎಲ್ಲಿ ಹಾಕ್ಬೇಕು? ಊರಿಗೆ."

ನಾನು ಏನು ಹೇಳಿದೆ ಗೊತ್ತೆ? "ಮನೆಯವರನ್ನ ಕೇಳಮ್ಮ, ಅವರು ಹಾಕ್ತಾರೆ" ಅಂದೆ. ಅವಳು ಕಾಗದವನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ಹೊರಗೆ ಬಂದು ತಾಂಬೂಲ ತೆಗೆದುಕೊಂಡೆ.

ಮರುವರ್ಷ ಅದೇ ಮನೆಗೆ ಹೋದಾಗ ಅವಳಿರಲಿಲ್ಲ. ನಾನು ಕೇಳಲಿಲ್ಲ. ಆ ಮನೆಯಲ್ಲಿ ಏನಾದರೂ ಕೆಟ್ಟದ್ದು ನಡೆದಿತ್ತೆಂದು ನಾನು ಹೇಳುತ್ತಿಲ್ಲ. ಎಲ್ಲ ಸರಿಯಾಗಿಯೇ ಇದ್ದಿರಬಹುದು. ನಾನು ಹೇಳುತ್ತಿರುವುದು ಇಷ್ಟೆ: ಒಬ್ಬ ಹೆಂಗಸು ತನ್ನ ಮನೆಯವರ ಕಣ್ಣು ತಪ್ಪಿಸಿ ನನ್ನನ್ನು ಒಂದು ಪ್ರಶ್ನೆ ಕೇಳಿದಳು. ನಾನು ಅವಳನ್ನು ಅವರ ಹತ್ತಿರಕ್ಕೇ ಕಳಿಸಿದೆ. ಯಾಕೆ? ಅವರು ಒಳ್ಳೆಯವರು, ನಮ್ಮವರು, ಸಂಘದ ಕೆಲಸಕ್ಕೆ ಓಡಾಡುವವರು. ಏನಾದರೂ ಕೇಳಿದರೆ ತಪ್ಪು ತಿಳಿದಾರು. ಒಂದು ಮಾತು ನಾಲ್ಕು ಬಾಯಿಗೆ ಬಿದ್ದು ಮುಂದಿನ ಯುಗಾದಿಗೆ ನನ್ನನ್ನು ಕರೆಯದೆ ಹೋದಾರು. ಆಮಿಶ್ ಹೆಂಗಸಿಗೆ ಬಹಿಷ್ಕಾರದ ಭಯ. ನನಗೆ ಯುಗಾದಿ ಊಟದ ಭಯ. ಅವಳ ಭಯವಾದರೂ ದೊಡ್ಡದು.

2007ರಲ್ಲಿ ಮಟನ್‌ಟೌನಿನ ಸುದ್ದಿ ಟಿವಿಯಲ್ಲಿ ಬಂದ ರಾತ್ರಿ, ಒಂಬತ್ತು ವರ್ಷಗಳ ಹಿಂದಿನ ಆ ಕಾಗದ ನನಗೆ ನೆನಪಾಯಿತು. ಇವತ್ತಿಗೂ ಮರೆತಿಲ್ಲ.

ಹಾಗಾದರೆ ಒಂದು ಸಮುದಾಯ ತನ್ನನ್ನೇ ತಾನು ಕೇಳಿಕೊಳ್ಳಲು ಸಾಧ್ಯವೆ? ಸಾಧ್ಯ. ಅದರ ಉದಾಹರಣೆಯೂ ನಮ್ಮ ಜೆರಿಕೋದಲ್ಲೇ ಇದೆ.

ನೀವೆಲ್ಲ ದೋಸೆ ತಿನ್ನಲು, ಸಾಮಾನು ತರಲು ಹಿಕ್ಸ್‌ವಿಲ್‌ಗೆ ಹೋಗುತ್ತೀರಿ. ಆ ಊರಿಗೆ ವ್ಯಾಲೆಂಟೈನ್ ಹಿಕ್ಸ್ ಅವರ ಹೆಸರು. ಅವರ ಮಾವ ಎಲಿಯಾಸ್ ಹಿಕ್ಸ್, ಜೆರಿಕೋದ ರೈತ, ಕ್ವೇಕರ್ ಬೋಧಕ. ಕ್ವೇಕರರೂ ಆಗ ಆಮಿಶ್ ಜನರ ಹಾಗೆಯೇ ಸರಳ ಉಡುಪಿನ, ತಮ್ಮೊಳಗೇ ಮದುವೆಯಾಗುವ, ಬಿಗಿ ಕಟ್ಟುಪಾಡಿನ ಜನ. 1788ರಲ್ಲಿ ಅವರು ಕಟ್ಟಿದ ಪ್ರಾರ್ಥನಾ ಮಂದಿರ ಇವತ್ತಿಗೂ ಇಲ್ಲಿದೆ, ಹೆದ್ದಾರಿಯ ಸದ್ದಿನ ಪಕ್ಕದಲ್ಲೇ.

ಈ ಭಕ್ತ ಜನರ ಮನೆಗಳಲ್ಲೂ ಗುಲಾಮರಿದ್ದರು. 1758ರಲ್ಲಿ ಫಿಲಡೆಲ್ಫಿಯಾದ ಕ್ವೇಕರ್ ಸಭೆ ಒಂದು ಕೆಲಸ ಮಾಡಿತು. ತಮ್ಮವರಲ್ಲೇ ಗುಲಾಮರನ್ನು ಇಟ್ಟುಕೊಂಡವರ ಮನೆಗೆ ಹೋಗಿ ಮಾತಾಡಲು ಒಂದು ಸಮಿತಿ ನೇಮಿಸಿತು. ಜಾನ್ ವುಲ್ಮನ್ ಎಂಬವರು ಅದರಲ್ಲಿದ್ದರು. ಇವರು ಗುರುತಿಲ್ಲದವರ ಮನೆಗೆ ಹೋಗಲಿಲ್ಲ. ಜೊತೆಗೆ ಕೂತು ಪ್ರಾರ್ಥನೆ ಮಾಡುವವರ ಮನೆಗೇ ಹೋಗಿ, ಇವರನ್ನು ಯಾಕೆ ಬಿಡುಗಡೆ ಮಾಡಿಲ್ಲ ಅಂತ ಕೇಳಿದರು. ಎಷ್ಟು ಮುಜುಗರ ಆಗಿರಬೇಕು, ಯೋಚಿಸಿ. ನಿಧಾನವಾಗಿ ನ್ಯೂಯಾರ್ಕಿನ ಕ್ವೇಕರರೂ ಆ ದಾರಿಗೆ ಬಂದರು. ನಮ್ಮ ಪಕ್ಕದ ವೆಸ್ಟ್‌ಬರಿಯ ಸಭೆಯಲ್ಲಿ 1776ರಿಂದ ಬಿಡುಗಡೆ ಪತ್ರಗಳು ಶುರುವಾದವು. ಎಲಿಯಾಸ್ ಹಿಕ್ಸ್ 1778ರಲ್ಲಿ ಆ ಕೆಲಸಕ್ಕೆ ಕೈಗೂಡಿಸಿದರು. 1799ರ ಹೊತ್ತಿಗೆ ಆ ಸಭೆಯವರ ಮನೆಗಳಲ್ಲಿ ಗುಲಾಮರು ಉಳಿಯಲಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಪೂರ್ತಿ ಮುಗಿದದ್ದು 1827ರಲ್ಲಿ. ಬಿಡುಗಡೆಯಾದವರ ಮಕ್ಕಳ ಓದಿಗೆಂದು ಜೆರಿಕೋ, ವೆಸ್ಟ್‌ಬರಿಯವರು ಸೇರಿ 1794ರಲ್ಲೇ ಒಂದು ಸಂಘ ಕಟ್ಟಿದ್ದರು.

ಆಮಿಶ್ ಹುಡುಗಿಗೆ ಅವಳ ಜನ ಸುಮ್ಮನಿರು ಅಂದರು. ಈ ಕ್ವೇಕರರು ತಮ್ಮವರ ಬಾಗಿಲನ್ನೇ ತಟ್ಟಿದರು. ಎರಡೂ ಮುಚ್ಚಿದ ಸಮುದಾಯಗಳೇ. ನಾವು ಯಾವ ದಾರಿ ಹಿಡಿಯುತ್ತೇವೆ?

ನಿಮಗೆ ಇದನ್ನು ಹೇಳುವುದು ಯಾಕೆಂದರೆ, ನಮಗಿಂತ ನಿಮಗೆ ಇದು ಸುಲಭ. ನಿಮಗೆ ಇಂಗ್ಲಿಷ್ ಬರುತ್ತದೆ, ಕನ್ನಡವೂ ಬರುತ್ತದೆ. ಅಡುಗೆಮನೆಗೂ ಹೋಗುತ್ತೀರಿ, ಬೇಸ್‌ಮೆಂಟಿಗೂ ಹೋಗುತ್ತೀರಿ. ದೊಡ್ಡವರು ನಿಮ್ಮನ್ನು ಮಕ್ಕಳು ಅಂದುಕೊಳ್ಳುತ್ತಾರೆ, ನಿಮ್ಮ ಪ್ರಶ್ನೆಗೆ ಯಾರೂ ಅಷ್ಟು ಸಿಟ್ಟಾಗುವುದಿಲ್ಲ. ಮುಂದಿನ ಸಲ ಯಾರದಾದರೂ ಮನೆಯಲ್ಲಿ ಕೆಲಸಕ್ಕೆ ಇರುವ ಅಕ್ಕನನ್ನೋ ಅಜ್ಜಿಯನ್ನೋ ಕಂಡರೆ, ನಮಸ್ಕಾರ ಹೇಳಿ. ಹೆಸರು ಕೇಳಿ. ಊಟ ಆಯ್ತಾ ಕೇಳಿ. ಊರು ಯಾವುದು, ಮನೆಯವರ ಜೊತೆ ಫೋನಿನಲ್ಲಿ ಮಾತಾಡ್ತೀರಾ, ರಜೆ ಯಾವ ದಿನ ಅಂತ ಕೇಳಿ. ಎಲ್ಲ ಸರಿಯಿದ್ದರೆ ಅವರು ನಗುತ್ತಾ ಉತ್ತರ ಹೇಳುತ್ತಾರೆ, ನಿಮ್ಮ ಕನ್ನಡವೂ ಸುಧಾರಿಸುತ್ತದೆ. ಸರಿಯಿಲ್ಲದಿದ್ದರೆ ಅವರು ಬಾಗಿಲ ಕಡೆ ನೋಡುತ್ತಾರೆ. ಆಗ ಅಲ್ಲಿ ಹೆಚ್ಚು ಕೆದಕಬೇಡಿ, ಮನೆಯವರ ಜೊತೆ ಜಗಳಕ್ಕೂ ನಿಲ್ಲಬೇಡಿ. ಅವರಿಗೇ ತೊಂದರೆಯಾಗುತ್ತದೆ. ನಂಬಿಕೆಯ ಒಬ್ಬ ದೊಡ್ಡವರಿಗೆ ಹೇಳಿ. ಮಾನವ ಸಾಗಣೆಯ ರಾಷ್ಟ್ರೀಯ ಸಹಾಯವಾಣಿ 1-888-373-7888, ಹಗಲು ರಾತ್ರಿ ಇರುತ್ತದೆ. ಪ್ರಾಣಕ್ಕೆ ಅಪಾಯ ಅನ್ನಿಸಿದರೆ 911.

ಕಾನೂನೂ ಗೊತ್ತಿರಲಿ. ಮನೆಗೆಲಸದವರ ಹಕ್ಕುಗಳ ಕಾಯ್ದೆಯನ್ನು ದೇಶದಲ್ಲೇ ಮೊದಲು ತಂದದ್ದು ನಮ್ಮ ನ್ಯೂಯಾರ್ಕ್, 2010ರಲ್ಲಿ. ವಾರಕ್ಕೆ ಒಂದು ದಿನ ಬಿಡುವು. ವಾರಕ್ಕೆ 40 ಗಂಟೆ ಮೀರಿದರೆ, ಮನೆಯಲ್ಲೇ ಇರುವವರಿಗೆ 44 ಗಂಟೆ ಮೀರಿದರೆ, ಒಂದೂವರೆ ಪಟ್ಟು ಕೂಲಿ. ನ್ಯೂಜೆರ್ಸಿಯಲ್ಲಿ ಇಂಥ ಕಾಯ್ದೆಗೆ 2024ರ ಜನವರಿಯಲ್ಲಿ ಸಹಿ ಬಿತ್ತು. ಮನೆಯವರ ಹಾಗೆ ನೋಡಿಕೊಳ್ಳುತ್ತೇವೆ ಅನ್ನುವ ಮಾತು ಕೂಲಿಗೆ ಬದಲಾಗುವುದಿಲ್ಲ.

ಲ್ಯಾಂಕಾಸ್ಟರ್‌ನಿಂದ ಹಿಂದೆ ಬರುವಾಗ, ಆ ಕಾಗದದ ಕಥೆಯನ್ನು ನನ್ನ ತಂಗಿಯ ಮಗಳಿಗೆ ಹೇಳಿದೆ. ಪಾಡ್‌ಕಾಸ್ಟ್ ನಿಲ್ಲಿಸಿ ಕೇಳಿದಳು. ನನ್ನನ್ನು ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ದೊಡ್ಡಮ್ಮ, ಅವಳ ಹೆಸರೇನು?" ಅಂದಳು.

ನನಗೆ ಗೊತ್ತಿರಲಿಲ್ಲ. ಕೇಳಿರಲಿಲ್ಲ.

ನೀವು ಕೇಳಿ.